ಬೀಗತಿಯ ರಕ್ತದಲ್ಲಿ ಇದ್ದದ್ದು

ನನ್ನ ಮೊಮ್ಮಗಳಿಗೆ ಇಬ್ಬರು ಆಯಿಗಳು. ನಮ್ಮ ಕಡೆ ಅಜ್ಜಿಗೆ ಆಯಿ ಅನ್ನುತ್ತಾರೆ. ಜೇವರ್ಗಿಯಲ್ಲಿರುವ ಅಪ್ಪನ ತಾಯಿ ಅವಳಿಗೆ ಬರೀ ‘ಆಯಿ’. ನಾನು ‘ಮಟಕಿ ಆಯಿ’. ಬಸ್ಸಿಗೆ ಬೋರ್ಡು ಹಾಕಿದ ಹಾಗೆ ನನಗೊಂದು ಊರು ಹಚ್ಚಿಬಿಟ್ಟಿದ್ದಾಳೆ. ಅವರಿಗೆ ಬೋರ್ಡು ಬೇಡ, ಎಲ್ಲರಿಗೂ ಗುರುತಿರುವ ಬಸ್ಸು. ಇದು ಸಣ್ಣ ಮಾತು ಅಂತ ನನಗೂ ಗೊತ್ತು. ಐವತ್ತು ದಾಟಿದವಳು, ಆಳಂದದ ಹೈಸ್ಕೂಲಿನಲ್ಲಿ ಮಕ್ಕಳಿಗೆ ಪಾಠ ಹೇಳುವವಳು, ನಾಲ್ಕು ವರ್ಷದ ಕೂಸು ಕರೆಯುವ ರೀತಿಗೆ ಹೊಟ್ಟೆ ಉರಿಸಿಕೊಳ್ಳಬಾರದು. ಆದರೆ ಉರಿಯುತ್ತದೆ, ಏನು ಮಾಡಲಿ.

ಬೀಗತಿ, ಅಂದರೆ ನನ್ನ ಮಗಳ ಅತ್ತೆ, ಕೆಟ್ಟವರಲ್ಲ. ತೊಂದರೆ ಇರುವುದೇ ಅಲ್ಲಿ. ಸ್ವಲ್ಪ ಕೆಟ್ಟವರಾಗಿದ್ದರೆ ನಾನು ನೆಮ್ಮದಿಯಿಂದ ಬೈದುಕೊಂಡು ಇರುತ್ತಿದ್ದೆ. ಅವರು ನನ್ನ ಮಗಳಿಗೆ ಎಣ್ಣೆ ಹಚ್ಚಿ ತಲೆ ಬಾಚುತ್ತಾರೆ, ಸೊಸೆಗೆ ಮೊದಲು ಬಿಸಿ ರೊಟ್ಟಿ ಹಾಕಿ ತಾವು ಆಮೇಲೆ ಉಣ್ಣುತ್ತಾರೆ. ಮನೆ ಸ್ಲ್ಯಾಬಿನದು. ಹಾಲು ಚೆಲ್ಲಿದರೂ ಗೊತ್ತಾಗದಂಥ ಬಿಳಿ ಟೈಲ್ಸು, ಕಿಟಕಿ ಕಿಟಕಿಗೂ ಸೊಳ್ಳೆ ಜಾಳಿಗೆ, ಮುಟ್ಟಿದರೆ ಬೆರಳಿಗೆ ಏನೂ ಹತ್ತದ ಗೋಡೆ. ನಮ್ಮದು ಮಟಕಿಯಲ್ಲಿ ಮಾವನವರ ಕಾಲದ ಕಲ್ಲು ಮಣ್ಣಿನ ಮನೆ. ಮೇಲೆ ಮಣ್ಣಿನ ಮಾಳಿಗೆ, ಪಡಸಾಲೆಗೆ ಹತ್ತಿ ದನದ ಕೊಟ್ಟಿಗೆ. ಗೋಡೆಗೆ ಒರಗಿ ಎದ್ದರೆ ಬೆನ್ನಿನ ಮೇಲೆ ಅರ್ಧ ಹೊಲ ಬಂದಿರುತ್ತದೆ.

ನಮ್ಮ ಮನೆಗೆ ಇದ್ದ ಒಂದೇ ದೊಡ್ಡಸ್ತಿಕೆ ಅಂದರೆ ಪಂಚಮಿ. ಶ್ರಾವಣದಲ್ಲಿ ನಾಗರ ಪಂಚಮಿಗೆ ಮದುವೆಯಾದ ಹೆಣ್ಣುಮಕ್ಕಳು ತವರಿಗೆ ಬರಲೇಬೇಕು. ಉಂಡಿ ಕಟ್ಟಬೇಕು, ಜೋಳದ ಅಳ್ಳು ಹುರಿಯಬೇಕು, ತೊಲೆಗೆ ಹಗ್ಗ ಹಾಕಿ ಜೋಕಾಲಿ ಕಟ್ಟಬೇಕು. ಜೇವರ್ಗಿಯ ಆ ಚಂದದ ಮನೆಯಲ್ಲಿ ತೊಲೆಯೇ ಇಲ್ಲ. ಫ್ಯಾನಿನ ಕೊಂಡಿ ಒಂದಿದೆ, ಅದಕ್ಕೆ ಕೂಸನ್ನು ತೂಗಲು ಬರುವುದಿಲ್ಲ. ಹಾಗಾಗಿ ವರ್ಷಕ್ಕೊಮ್ಮೆ ಪಂಚಮಿಯ ಆ ನಾಲ್ಕಾರು ದಿನ ನನ್ನ ಮೊಮ್ಮಗಳು ನನ್ನ ತೊಲೆಗೆ, ನನ್ನ ಹಗ್ಗಕ್ಕೆ, ನನ್ನ ಕೈಗೆ ಸಿಗುತ್ತಿದ್ದಳು. ಆ ದಿನಗಳಲ್ಲಿ ಅವಳು ಒಂದೆರಡು ಸಲ ಬಾಯಿ ತಪ್ಪಿ ನನ್ನನ್ನೂ ಬರೀ ‘ಆಯಿ’ ಅಂದದ್ದುಂಟು. ಉಳಿದ ವರ್ಷವೆಲ್ಲ ಅದನ್ನೇ ಮೆಲುಕು ಹಾಕುವುದು.

ಈ ಸಲ ಮಿರಗದ ಮಳೆ, ಅಂದರೆ ಮೃಗಶಿರಾ, ಚೆನ್ನಾಗಿ ಹಿಡಿಯಿತು. ತೊಗರಿ ಬಿತ್ತನೆ ಮುಗಿಯುವ ಹೊತ್ತಿಗೆ ಜ್ವರದ ಸುದ್ದಿಯೂ ಹಿಡಿಯಿತು. ಸಣ್ಣ ಮಕ್ಕಳಿಗೆ ಒಮ್ಮೆಲೇ ಮೈ ಸುಡುತ್ತದಂತೆ, ವಾಂತಿಯಾಗುತ್ತದಂತೆ, ಫಿಟ್ಸ್ ಬರುತ್ತದಂತೆ, ಮಿದುಳಿಗೆ ಏರಿದರೆ ಆಸ್ಪತ್ರೆ ಮುಟ್ಟಿಸುವುದೇ ಕಷ್ಟವಂತೆ. ತರುವುದು ಉಸುಕು ನೊಣ ಎಂಬ ಒಂದು ಜೀವಿ. ಸೊಳ್ಳೆಗಿಂತ ಬಹಳ ಸಣ್ಣದು, ಗುಂಯ್ ಅನ್ನುವುದಿಲ್ಲ, ಹೊತ್ತು ಮುಳುಗಿದ ಮೇಲೆ ಸದ್ದಿಲ್ಲದೆ ಬಂದು ಕಚ್ಚಿ ಹೋಗುತ್ತದೆ. ಹಗಲೆಲ್ಲ ಮಣ್ಣಿನ ಗೋಡೆಯ ಬಿರುಕಿನಲ್ಲಿ, ಕೊಟ್ಟಿಗೆಯ ಕತ್ತಲಲ್ಲಿ ಕೂತಿರುತ್ತದೆ.

ಚಿಂತೆ ಮಾಡುವುದರಲ್ಲಿ ನನ್ನನ್ನು ಮೀರಿಸಿದವರು ಮಟಕಿಯಲ್ಲಿ ಇಲ್ಲ. ನಮ್ಮ ಯಜಮಾನರು ಖಜೂರಿ ಊರಿಗೆ ಹೋಗಿ ಬರುವುದು ಜರಾ ತಡವಾದರೆ ಸಾಕು, ಆ ರಸ್ತೆಯ ಲಾರಿಗಳೆಲ್ಲ ನನ್ನ ಕಣ್ಣ ಮುಂದೆ ಬರುತ್ತವೆ. ಅವರು ಬಂದು ಚಪ್ಪಲಿ ಬಿಡುವಷ್ಟರಲ್ಲಿ ನಾನು ಅವರನ್ನು ಆಸ್ಪತ್ರೆಗೆ ಸೇರಿಸಿ, ಅಲ್ಲಿಂದ ಮುಂದಕ್ಕೂ ಕಳಿಸಿ, ಮಾತನಾಡಿಸಲು ಬಂದವರ ಚಹಾಕ್ಕೆ ಮನೆಯಲ್ಲಿ ಸಕ್ಕರೆ ಸಾಕೋ ಇಲ್ಲವೋ ಅನ್ನುವಲ್ಲಿಗೆ ಮುಟ್ಟಿರುತ್ತೇನೆ. ಇಂಥವಳು ಉಸುಕು ನೊಣದ ಸುದ್ದಿ ಕೇಳಿ ಸುಮ್ಮನಿರುತ್ತೇನೆಯೆ? ಅಂದು ಸಂಜೆ ಟಾರ್ಚು ಹಿಡಿದು ನಮ್ಮ ಮನೆಯ ಗೋಡೆಗಳನ್ನು ಮೊದಲ ಸಲ ಸರಿಯಾಗಿ ನೋಡಿದೆ. ಬಿರುಕು ಎಣಿಸುವುದಕ್ಕಿಂತ ಬಿರುಕಿಲ್ಲದ ಜಾಗ ಎಣಿಸುವುದು ಸುಲಭವಿತ್ತು. ಕೂಸನ್ನು ಈ ವರ್ಷ ಇಲ್ಲಿಗೆ ತರುವುದು ಸರಿಯೆ ಎಂಬ ಮಾತು ಮನಸ್ಸಿನಲ್ಲಿ ಎದ್ದಿತು. ಯಾರಿಗೂ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಬೀಗತಿಯ ಫೋನು ಬಂತು.

“ಬೀಗತ್ಯಾರ, ಆರಾಮ ಇದ್ದೀರಿ?”

“ಆರಾಮ ಇದ್ದೀವ್ರಿ. ನೀವು?”

“ಹೂಂನ್ರಿ. ಪಂಚಮಿಗಿ ನಿಮ್ಮ ಮಗಳಿನ್ನ ಕಳಸ್ತೇವಿ, ಅದರಾಗ ಮಾತೇ ಇಲ್ಲ. ಖರೇ ಕೂಸಿನ್ನ ಈ ವರ್ಷ ಇಲ್ಲೇ ಇಟ್ಕೋತೇವ್ರಿ.”

“ಯಾಕ್ರಿ?”

“ತಪ್ಪ ತಿಳ್ಕೋಬ್ಯಾಡ್ರಿ. ನಿಮ್ಮನಿ ಗ್ವಾಡಿ ಹಳೀವು ನೋಡ್ರಿ. ಸಂದಿಗೊಂದಿ ಭಾಳ. ಬಾಜೂಕೇ ದನಾ ಕಟ್ಟೀರಿ. ಆ ನೊಣ ಅಂಥಾ ಜಾಗಾದಾಗೇ ಇರ್ತಾವಂತ, ಟೀವ್ಯಾಗ ಹೇಳಾಕತ್ತಾರ.”

“ನಮ್ಮನ್ಯಾಗ ಒಂದು ನೊಣಾನೂ ಇಲ್ರಿ,” ಅಂದೆ.

“ಅವು ಕಾಣಂಗಿಲ್ಲಂತಲ್ರಿ,” ಅಂದರು ಮೆತ್ತಗೆ.

ಫೋನಿಟ್ಟ ಮೇಲೆ ನನಗೆ ಬಂದ ಸಿಟ್ಟು ಯಾಕೆಂದು ವಿಚಾರ ಮಾಡಿದೆ. ಅವರು ಸುಳ್ಳು ಹೇಳಿರಲಿಲ್ಲ. ನಾನು ಹಿಂದಿನ ಸಂಜೆ ಅಂದುಕೊಂಡದ್ದನ್ನೇ ಒಂದಕ್ಷರ ಬಿಡದೆ ಹೇಳಿದ್ದರು. ಅದೇ ಸಿಟ್ಟು. ಮೊಮ್ಮಗಳು ಅವರ ಹತ್ತಿರ, ಮಗಳು ಅವರ ಹತ್ತಿರ. ನನಗೆ ಅಂತ ಉಳಿದದ್ದು ಚಿಂತೆ ಒಂದೇ, ಅದನ್ನೂ ನನಗಿಂತ ಮೊದಲು ಅವರೇ ಬಾಯಿ ಬಿಟ್ಟು ಹೇಳಿ ತಮ್ಮದು ಮಾಡಿಕೊಂಡರು. ನಾನೇ ಫೋನು ಮಾಡಿ ‘ಕೂಸು ಬೇಡ’ ಅಂದಿದ್ದರೆ ನಾನು ತಿಳಿದವಳು. ಅವರು ಅಂದದ್ದಕ್ಕೆ ನಾನು ಬಿರುಕು ಗೋಡೆಯವಳು.

ಅದೇ ವಾರ ನಮ್ಮ ಊರಿಗೆ ರಕ್ತ ತೆಗೆಯುವ ತಂಡ ಬಂತು. ಜೊತೆಗೆ ಒಬ್ಬರು ಸಣ್ಣ ವಯಸ್ಸಿನ ಡಾಕ್ಟರಮ್ಮ. ಮನೆಗಳನ್ನು ಚೀಟಿ ಎತ್ತಿ ಆರಿಸಿದ್ದರು, ನಮ್ಮ ಮನೆಯ ಚೀಟಿಯೂ ಬಂದಿತ್ತು. ಊರಲ್ಲಿ ಜ್ವರ ಬಂದವರು ಯಾರೂ ಇಲ್ಲದಿರುವಾಗ ರಕ್ತ ಯಾಕೆ ಅನ್ನುವುದು ಯಾರಿಗೂ ತಿಳಿಯಲಿಲ್ಲ. ನಮ್ಮ ಯಜಮಾನರು ತೋಳು ಮಡಚಿ ಕೂತು ಕೇಳಿದರು.

“ನನಗ ಏನೂ ಆಗಿಲ್ಲಲ್ರಿ. ಗಟ್ಟಿ ಅದೇನಿ. ನನ್ನ ರಕ್ತದಾಗ ಏನ ಹುಡುಕ್ತೀರಿ?”

“ಗಟ್ಟಿ ಇದ್ದವರದೇ ಬೇಕ್ರಿ ನಮಗ,” ಅಂದರು ಡಾಕ್ಟರಮ್ಮ. “ಜ್ವರ ಬಂದು ದವಾಖಾನಿಗಿ ಬರೋರು ಒಂದಿಷ್ಟೇ ಮಂದಿ. ಜರಾ ಮೈ ಬಿಸಿಯಾಗಿ, ಒಂದು ಗುಳಿಗಿ ನುಂಗಿ, ಮರ್ತು ಹೊಲಕ್ಕ ಹೋದವರು ಎಷ್ಟು ಮಂದಿ ಅದಾರ ಯಾರಿಗಿ ಗೊತ್ತದ? ಅವರಿಗೇ ಗೊತ್ತಿಲ್ಲ. ಖರೇ ರಕ್ತ ಮರೆಯಂಗಿಲ್ರಿ. ಒಮ್ಮಿ ಆ ವೈರಸ್ ಬಂದು ಹೋದ್ರ ಅದರ ಗುರುತು ಉಳಿದಿರ್ತದ. ಆ ಗುರುತು ಎಷ್ಟು ಮಂದ್ಯಾಗ ಅದ ಅಂತ ನೋಡಾಕತ್ತೇವಿ.”

“ಗುರುತು ಸಿಕ್ಕವರಿಗಿ ಏನ ಕೊಡ್ತೀರಿ?”

“ಎಲ್ಲಾರಿಗೂ ಬಿಸ್ಕೀಟು.”

ಯಜಮಾನರು ತೋಳು ಚಾಚಿದರು. ಆಮೇಲೆ ನಾನು. ಸೂಜಿ ಚುಚ್ಚುವಾಗ ನಾನು ಬೇರೆ ಕಡೆ ನೋಡುತ್ತ, ಮನಸ್ಸಿನಲ್ಲಿ ಇದ್ದದ್ದನ್ನು ಕೇಳಿಯೇಬಿಟ್ಟೆ: “ಬರೀ ಆಳಂದ ಕಡಿ ಏನ್ರಿ ಇದು?”

“ಇಲ್ರಿ, ಆಳಂದ, ಅಫಜಲಪುರ, ಜೇವರ್ಗಿ, ಮೂರೂ ಕಡಿ.”

“ಹಂಗಾದ್ರ ಜೇವರ್ಗ್ಯಾಗ ಒಂದು ಮನಿ ಅದ್ರಿ. ಬಸ್ ಸ್ಟ್ಯಾಂಡ್ ದಾಟಿ ಎಡಕ್ಕ...”

“ಹಂಗ ಹೇಳಿದ ಮನಿಗಿ ಹೋಗಂಗಿಲ್ರಿ ಮೇಡಂ,” ಡಾಕ್ಟರಮ್ಮ ನಕ್ಕರು. “ಚೀಟಿ ಬರಬೇಕು.”

ಮರುದಿನ ಮುಂಜಾನೆ ಇಷ್ಟಲಿಂಗವನ್ನು ಅಂಗೈಯಲ್ಲಿ ಹಿಡಿದು ಕೂತಾಗ ಬೇಡಬಾರದ್ದನ್ನು ಬೇಡಿದೆ. ಆ ಟೈಲ್ಸಿನ ಮನೆಯ ಚೀಟಿ ಬರಲಿ ಅಂತ. ಬರೀ ಚೀಟಿ ಸಾಕು, ಮುಂದಿನದು ನಾನು ಬೇಡಿಲ್ಲ. ಆದರೆ ಮುಂದಿನದೂ ಮನಸ್ಸಿನಲ್ಲಿತ್ತು, ಅದು ಲಿಂಗಕ್ಕೆ ಗೊತ್ತಿರದೆ ಇರುತ್ತದೆಯೆ?

ತಂಡದವರು ಹೋಗುವಾಗ, ಬರುವ ವಾರ ಗೋಡೆಗಳಲ್ಲಿ ನೊಣ ಹಿಡಿಯಲು ಬರುತ್ತೇವೆ ಅಂದಿದ್ದರು. ಇದು ನನಗೆ ಸಿಕ್ಕ ಅವಕಾಶ. ನಮ್ಮ ಮನೆಯಲ್ಲಿ ಒಂದೂ ನೊಣ ಸಿಗಲಿಲ್ಲ ಅಂತ ಸರಕಾರದವರೇ ಹೇಳಿದರೆ ಬೀಗತಿ ಏನು ಮಾಡುತ್ತಾರೆ? ಕೂಸನ್ನು ಕಳಿಸಲೇಬೇಕು. ಶಾಲೆಗೆ ರಜೆ ಹಾಕಿದೆ. ಕೆಮ್ಮಣ್ಣು ತರಿಸಿದೆ. ನಮ್ಮತ್ತೆ ಪ್ರತಿ ವರ್ಷ ಪಂಚಮಿಯ ಮುಂಚೆ ಮಾಡುತ್ತಿದ್ದ ಹಾಗೆ ಮಣ್ಣಿಗೆ ಹೊಟ್ಟು ಕಲಸಿ, ಎರಡು ಬುಟ್ಟಿ ಹಸಿ ಸಗಣಿ ಹಾಕಿ ತುಳಿದು ಹದ ಮಾಡಿದೆ. ಪಡಸಾಲೆಯ ಗೋಡೆ, ಒಳಮನೆಯ ಗೋಡೆ, ದೀಪದ ಗೂಡು, ಕೊಟ್ಟಿಗೆಯ ಒಳಬದಿ, ಒಂದು ಬಿರುಕು ಬಿಡದೆ ಮೆತ್ತಿದೆ. ಮಳೆಗಾಲ, ಬೇಗ ಒಣಗುವುದಿಲ್ಲ. ಗೋಡೆಗಳು ತಣ್ಣಗೆ, ಕಡುಗೆಂಪಾಗಿ, ನಯವಾಗಿ ಮಿಂಚಿದವು. ಭುಜ ಎತ್ತಲಾರದಷ್ಟು ನೋವು, ಮನಸ್ಸಿಗೆ ಮಾತ್ರ ಬಹಳ ಸುಖ.

ಯಜಮಾನರು ಬಾಗಿಲಲ್ಲಿ ನಿಂತು ನೋಡಿದರು. “ಯಾಕಬೇ, ಇಷ್ಟೆಲ್ಲ? ನೊಣಕ್ಕ ಬೀಗ್ರು ಬರೋರು ಅದಾರೇನು?”

“ನಿಮಗ ತಿಳ್ಯಂಗಿಲ್ಲ, ಸರೀರಿ,” ಅಂದೆ.

ತಂಡದವರು ಬೆಳಕು ಹರಿಯುವ ಹೊತ್ತಿಗೇ ಬಂದರು. ಕೈಯಲ್ಲಿ ಟಾರ್ಚು ಮತ್ತು ಒಂದು ಗಾಜಿನ ಕೊಳವೆ. ಕೊಳವೆಗೆ ರಬ್ಬರಿನ ಬಾಲ. ಅದನ್ನು ಬಾಯಲ್ಲಿಟ್ಟು ಉಸಿರು ಎಳೆದರೆ ಗೋಡೆಯ ಮೇಲಿನ ನೊಣ ಕೊಳವೆಯೊಳಕ್ಕೆ ಬರುತ್ತದೆ, ನಡುವೆ ಜಾಳಿಗೆ ಇರುವುದರಿಂದ ಬಾಯಿಗೆ ಬರುವುದಿಲ್ಲ. ನನಗಂತೂ ಬಂದೇಬಿಟ್ಟರೆ ಅಂತ ಚಿಂತೆ. ನಾನು ಹೊಸ ಗೋಡೆಯ ಪಕ್ಕ, ಪರೀಕ್ಷೆಯಲ್ಲಿ ಮೊದಲು ಬರುವ ಹುಡುಗಿಯ ಹಾಗೆ ನಿಂತಿದ್ದೆ. ಅವರು ದೀಪದ ಗೂಡಿಗೆ ಟಾರ್ಚು ಬಿಟ್ಟರು. ಉಸಿರು ಎಳೆದರು. ಮತ್ತೆ ಎಳೆದರು. ಕೊಟ್ಟಿಗೆಯ ಮೂಲೆಗೆ ಹೋದರು, ಅಲ್ಲಿ ಎಳೆಯುವುದನ್ನು ನಿಲ್ಲಿಸಲೇ ಇಲ್ಲ.

ಡಾಕ್ಟರಮ್ಮ ಕೊಳವೆಯನ್ನು ಬೆಳಕಿಗೆ ಹಿಡಿದು ತೋರಿಸಿದರು. ಎಳ್ಳಿಗಿಂತ ಸಣ್ಣವು. ಮಣ್ಣಿನ ಬಣ್ಣ, ಮೈತುಂಬ ಕೂದಲು, ರೆಕ್ಕೆ ಮೇಲಕ್ಕೆತ್ತಿ ಯಾರನ್ನೋ ಕೈಮುಗಿದು ಸ್ವಾಗತಿಸುವವರ ಹಾಗೆ ನಿಂತಿದ್ದವು.

“ಈ ಗ್ವಾಡಿ ಯಾವಾಗ ಮೆತ್ತೀರಿ ಮೇಡಂ?”

“ಇದೇ ವಾರ್ರಿ. ನೀವು ಬರ್ತೀರಂತನೇ.”

ಅವರು ನಗು ತಡೆದುಕೊಂಡದ್ದು ಕಂಡಿತು. “ಸಗಣಿ ಹಾಕೀರಲ್ಲ, ಅದೇ ತಪ್ಪಾತು. ಹಸಿ ಸಗಣಿ, ಹಸಿ ಮಣ್ಣು, ಕತ್ತಲ ಮೂಲಿ, ಕೂಡಾಕ ತತ್ತಿ ಇಡಾಕ ಅವಕ್ಕ ಇದೇ ಬೇಕು. ಬಿರುಕಿಗಿ ಸಿಮೆಂಟ್ ತುಂಬ್ರಿ, ಸುಣ್ಣಾ ಹೊಡೀರಿ, ದನಾ ಜರಾ ದೂರ ಕಟ್ರಿ. ಸಗಣಿ ಮಾತ್ರ ಬ್ಯಾಡ.”

ಬಿರುಕು ಗೋಡೆಯವಳು ಅನ್ನಿಸಿಕೊಳ್ಳಬಾರದು ಅಂತ ರಟ್ಟೆ ಬೀಳುವ ಹಾಗೆ ದುಡಿದು, ನೊಣಕ್ಕೆ ಹೆರಿಗೆ ಮನೆ ಕಟ್ಟಿಕೊಟ್ಟಿದ್ದೆ. ನಾನು ಇದನ್ನು ಯಾರಿಗೂ ಹೇಳಬಾರದು ಅಂದುಕೊಂಡು ಅಡುಗೆಮನೆಗೆ ಹೋದರೆ, ಅಂಗಳದಲ್ಲಿ ಯಜಮಾನರು ಆಗಲೇ ಮಗಳಿಗೆ ಫೋನು ಹಚ್ಚಿದ್ದರು. “ನಿಮ್ಮವ್ವ ನೊಣಕ್ಕ ಬಾಣಂತನ ಮಾಡಾಕತ್ತಾಳ,” ಅಂತ ಅವರು ನಕ್ಕಿದ್ದು ಜೇವರ್ಗಿಗೆ ಫೋನಿಲ್ಲದೆಯೂ ಕೇಳಿಸಿರಬೇಕು.

ಇಷ್ಟಾದ ಮೇಲೆ, ನಾನು ಬೇಡಿದ ಚೀಟಿ ಬಂತು. ಜೇವರ್ಗಿಯಲ್ಲಿ ಬೀಗತಿಯ ಮನೆಗೂ ತಂಡ ಹೋಯಿತು. ಸಣ್ಣ ಮಕ್ಕಳ ರಕ್ತವೂ ಬೇಕು ಅಂದರಂತೆ. ಸಂಜೆ ಮಗಳು ಎಲ್ಲ ಹೇಳಿದಳು.

“ಅತ್ತಿ ಎಲ್ಲಾರಿಗಿಂತ ಮೊದಲು ಕೈ ಕೊಟ್ರವ್ವ. ‘ನೋಡು, ನನಗ ಏನೂ ಆಗಲಿಲ್ಲ’ ಅಂತ ಕೂಸಿಗಿ ತೋರಿಸಿದ್ರು. ಆದ್ರೂ ಅದಕ್ಕ ಚುಚ್ಚುವಾಗ ಭಾಳ ಅತ್ತಿತು. ಅತ್ತಿ ಕುತ್ತಿಗಿ ಬಿಗಿಯಾಗಿ ಹಿಡಕೊಂಡು, ಆಯಿ ಆಯಿ ಅಂತ...”

“ಬರೀ ಆಯಿ ಅಂತ?”

“ಮತ್ತೇನಂತ ಅಳಬೇಕವ್ವ?”

ಸೂಜಿಯ ಚೀಟಿ ಬರಲಿ ಅಂತ ಬೇಡಿದವಳು ನಾನು. ಅತ್ತ ಕೂಸು ಹೋಗಿ ತಬ್ಬಿದ್ದು ಅವರನ್ನು. ಆ ರಾತ್ರಿ ಊಟ ರುಚಿಸಲಿಲ್ಲ.

ಪಂಚಮಿ ಹತ್ತಿರ ಬಂದಾಗ ಅದೇ ಡಾಕ್ಟರಮ್ಮ ನಮ್ಮ ಶಾಲೆಗೆ ಬಂದು ಮಕ್ಕಳಿಗೆ ನೊಣದ ಬಗ್ಗೆ ಹೇಳಿದರು. ಆಮೇಲೆ ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತ ನಮಗೂ ಹೇಳಿದರು. ಮೂರೂ ತಾಲೂಕಿನಲ್ಲಿ ಆ ಗುರುತು ಇರುವವರು ಸಿಕ್ಕಿದ್ದಾರೆ. ಯಾರಿಗೂ ಅದು ಬಂದದ್ದೇ ಗೊತ್ತಿಲ್ಲ. ದೊಡ್ಡವರಲ್ಲಿ ಹೆಚ್ಚು, ವಯಸ್ಸು ಏರಿದ ಹಾಗೆ ಇನ್ನೂ ಹೆಚ್ಚು. ವರ್ಷ ವರ್ಷ ಕಚ್ಚಿಸಿಕೊಂಡವರಲ್ಲವೆ? ಸಣ್ಣ ಮಕ್ಕಳಲ್ಲಿ ಕಡಿಮೆ. ಅದಕ್ಕೇ ಬಂದಾಗ ಅವರಿಗೇ ಪೆಟ್ಟು ಜೋರು.

“ಗುರುತಿದ್ದವರಿಗಿ ಮತ್ತ ಬರಂಗಿಲ್ಲೇನ್ರಿ?” ಅಂತ ಕೇಳಿದೆ.

“ಬರಂಗೇ ಇಲ್ಲ ಅಂತ ಹೇಳಾಕ ನಾ ತಯಾರಿಲ್ಲ. ಖರೇ ಅವರ ಮೈಗಿ ಅದರ ಪರಿಚಯ ಇರ್ತದಲ್ರಿ, ಹೋರಾಡಾಕ ಅನುಕೂಲ.” ಆಮೇಲೆ ನನ್ನ ಕಡೆ ಬಗ್ಗಿ, “ನೀವೂ ರಕ್ತ ಕೊಟ್ಟಿದ್ರಲ್ಲ ಮೇಡಂ, ನಿಮ್ಮದರಾಗ ಗುರುತು ಇಲ್ರಿ,” ಅಂದರು.

ಮೊದಲು ನನ್ನ ತಲೆಗೆ ಹೋದದ್ದು ಕೊನೆಯ ಮಾತೊಂದೇ. ಇಲ್ಲ! ಆ ಗೋಡೆಗಳ ನಡುವೆ ಇಷ್ಟು ವರ್ಷ ಬಾಳಿದರೂ ನನ್ನಲ್ಲಿ ಏನೂ ಇಲ್ಲ. ಗೋಡೆ ಏನಾದರೂ ಇರಲಿ, ನಾನು ಸ್ವಚ್ಛ. ಶಾಲೆ ಬಿಟ್ಟ ಮೇಲೆ ಮನೆ ಮುಟ್ಟುವವರೆಗೂ ಕಾಯದೆ ಬಸ್ ನಿಲ್ದಾಣದ ಮೂಲೆಯಲ್ಲೇ ನಿಂತು ಜೇವರ್ಗಿಗೆ ಫೋನು ಮಾಡಿದೆ. ನಾನು ಬಾಯಿ ತೆರೆಯುವ ಮೊದಲೇ ಅವರು ಶುರು ಮಾಡಿದರು.

“ಬೀಗತ್ಯಾರ, ನಿಮಗೇ ಫೋನ್ ಮಾಡಬೇಕಂತಿದ್ದೆ. ನನ್ನ ರಕ್ತದಾಗ ಅದ ಅಂತ್ರಿ!”

ಧ್ವನಿಯಲ್ಲಿ ಲಾಟರಿ ಹತ್ತಿದ ಸಂತೋಷ. ನನಗೂ ಒಂದು ಕ್ಷಣ ಸಂತೋಷವೇ ಆಯಿತು, ನಾಚಿಕೆ ಇಲ್ಲದೆ ಹೇಳುತ್ತೇನೆ. ಟೈಲ್ಸಿನ ಮನೆ, ಜಾಳಿಗೆಯ ಕಿಟಕಿ, ಆದರೂ ನೊಣ ಹೊಕ್ಕಿದೆ!

“ಅಯ್ಯ, ಹೌದೇನ್ರಿ? ನಿಮ್ಮಂಥಾ ಮನ್ಯಾಗ?” ಅಂದೆ, ಆದಷ್ಟು ಮರುಕ ಬೆರೆಸಿ.

“ಯಾವಾಗ ಬಂತು ಎಲ್ಲಿ ಬಂತು ಹೇಳಾಕ ಆಗಂಗಿಲ್ಲಂತ. ನನಗನಸ್ತದ, ನಮ್ಮ ತವರಾಗೇ ಬಂದಿರಬೇಕು. ಅಫಜಲಪುರ ಕಡಿ ಭೀಮಾ ದಂಡಿ ಮ್ಯಾಲ ನಮ್ಮೂರು ನೋಡ್ರಿ. ಸಣ್ಣಾಕಿ ಇದ್ದಾಗ ಅಂಗಳದಾಗೇ ಮಲಗತಿದ್ವಿ. ಬಂದಿದ್ದೇ ಚಲೋ ಆತಂತ್ರಿ, ಮೈಯಾಗ ತಾಕತ್ತ ಉಳದದಂತ.”

ಆಗ ಡಾಕ್ಟರಮ್ಮ ಹೇಳಿದ ಉಳಿದ ಮಾತು ನನ್ನ ತಲೆಗೆ ಬಂದು ಕೂತಿತು. ಅವರ ಮೈಗೆ ಪರಿಚಯ ಇದೆ, ನನ್ನ ಮೈಗೆ ಇಲ್ಲ. ತವರಿನಿಂದ ಬಂಗಾರ ತಂದರು, ಎಮ್ಮೆ ತಂದರು, ನನ್ನ ಮಗಳ ಮದುವೆಯಲ್ಲಿ ಉಟ್ಟ ಆ ಇಳಕಲ್ ಸೀರೆಯನ್ನೂ ತವರಿನದೇ ಅಂತ ಹೇಳಿಕೊಂಡಿದ್ದರು. ಈಗ ನೋಡಿದರೆ ಇದೂ ತವರಿನದೇ. ಬಿರುಕು ಗೋಡೆಯ ಮನೆಯಲ್ಲಿ ಇಷ್ಟು ಕಾಲ ಸಂಸಾರ ಮಾಡಿದ ನನ್ನನ್ನು ಒಂದು ನೊಣವೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಕಾಯಿಲೆಯ ವಿಷಯದಲ್ಲಿ ಕೂಡ ಅವರದೇ ಮೇಲುಗೈ ಅಂದರೆ ಹೇಗೆ?

“ನನ್ನ ರಕ್ತದಾಗ ಇಲ್ಲಂತ್ರಿ. ಕೂಸಿಂದು ಏನಂದ್ರಿ?” ಅಂತ ಕೇಳಿದೆ.

“ಕೂಸಿಂದರಾಗೂ ಇಲ್ಲಂತ್ರಿ.”

ನನ್ನ ಮನಸ್ಸು ಎಂಥದು ಅನ್ನುವುದು ಆ ಕ್ಷಣ ನನಗೆ ಕಂಡಿತು. ಮೊದಲು ಬಂದದ್ದು ಒಂದು ಹಿಗ್ಗು: ಅವಳು ನನ್ನ ಹಾಗೆ! ಮೂಗು ಅವರದು, ಗುಂಗುರು ಕೂದಲು ಅವರದು, ಉಣ್ಣುವಾಗ ತಟ್ಟೆ ತಿರುಗಿಸುವುದೂ ಅವರದು ಅಂತ ಕೇಳಿ ಕೇಳಿ ಸಾಕಾಗಿತ್ತು. ರಕ್ತ ಮಾತ್ರ ನನ್ನಂಥದು. ಆ ಹಿಗ್ಗು ಬಸ್ಸೊಂದು ಹಾರ್ನ್ ಹೊಡೆದು ಹೋಗುವಷ್ಟು ಹೊತ್ತು ಇತ್ತು. ಆಮೇಲೆ, ನನ್ನಂಥದು ಅಂದರೆ ಏನು ಅಂತ ತಿಳಿಯಿತು. ಕೂಸಿನ ಮೈಯಲ್ಲಿ ಏನೂ ಇಲ್ಲ. ನಾಳೆ ಒಂದು ನೊಣ ಕಚ್ಚಿದರೆ ಅದನ್ನು ಗುರುತು ಹಿಡಿದು ತಡೆಯುವವರು ಒಳಗೆ ಯಾರೂ ಇಲ್ಲ.

“ಬೀಗತ್ಯಾರ,” ಅಂದರು ಅವರು, ಈಗ ದನಿ ಇಳಿದಿತ್ತು. “ನನಗ ಭಾಳ ಫಿಕರ್ ಹತ್ತೇದ್ರಿ. ನಮ್ಮ ಕಿಟಕಿ ಜಾಳಿಗಿ ತೂತು ಅದಕ್ಕ ಭಾಳ ದೊಡ್ಡವಂತ, ಸೊಳ್ಳಿ ತಡೀತಾವು, ಇದಕ್ಕ ಅದು ಬಾಗಲಾನೇ ಅಂತ. ಹಿಂದಿನ ಮನಿಯವರು ತಿಪ್ಪಿ ಬ್ಯಾರೆ ಹಾಕ್ಯಾರ. ನನಗೇನೋ ಬಂದು ಹೋಗೇದ. ಕೂಸಿಗಿ ಏನ್ ಮಾಡೂದ್ರಿ? ನಿಮ್ಮ ರಕ್ತದಾಗೂ ಇಲ್ಲಂತಲ್ಲ, ಅಲ್ಲಿ ಕಮ್ಮಿ ಇರಬೇಕು. ನಿಮ್ಮ ಕಡೀಗೇ ಕಳಸ್ಲೇನು?”

ಮಗಳು ಅವರಿಗೆ ಗೋಡೆಯ ಕತೆ ಹೇಳಿರಲಿಲ್ಲ! ನನ್ನ ಮಾನ ಮುಚ್ಚಿದ್ದಳು. ನಾನು ಯಾವುದಕ್ಕೆ ಲಿಂಗ ಹಿಡಿದು ಬೇಡಿದ್ದೆನೋ, ಯಾವುದಕ್ಕೆ ರಟ್ಟೆ ಮುರಿದುಕೊಂಡಿದ್ದೆನೋ, ಅದನ್ನು ಅವರು ತಾವಾಗಿ ನನ್ನ ಕೈಗೆ ಕೊಡುತ್ತಿದ್ದರು. ‘ಕಳಿಸ್ರಿ’ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಕಣ್ಣ ಮುಂದೆ ಜೋಕಾಲಿ ತೂಗಿತು. ಅದರ ಹಿಂದೆಯೇ ಆ ಗಾಜಿನ ಕೊಳವೆ, ರೆಕ್ಕೆ ಎತ್ತಿ ನಿಂತವರು.

“ಬ್ಯಾಡ್ರಿ,” ಅಂದೆ. “ನಮ್ಮ ಗ್ವಾಡ್ಯಾಗ ಸಿಕ್ಕಾಪಟ್ಟಿ ಅವ. ಸಗಣಿ ಮೆತ್ತಿ ನಾನೇ ಸಾಕೇನಿ. ನನ್ನ ರಕ್ತದಾಗ ಇಲ್ಲಂದ್ರ ಅವು ಇಲ್ಲಂತಲ್ರಿ. ಈ ಪಂಚಮಿಗಿ ಕೂಸಿನ್ನ ಕಳಸಬ್ಯಾಡ್ರಿ.”

ಅತ್ತ ಕಡೆಯಿಂದ ನಗು ಬರುತ್ತದೆ ಅಂದುಕೊಂಡಿದ್ದೆ, ಬರಲಿಲ್ಲ.

“ಹಂಗಾದ್ರ ನೀವೇ ಬರ್ರಿ,” ಅಂದರು. “ಪಂಚಮಿ ಇಲ್ಲೇ ಮಾಡೂಣು. ಇಬ್ಬರೂ ಕೂಡಿ ಕಾಯೂಣು.”

ಪಂಚಮಿಗೆ ಮಗಳು ತವರಿಗೆ ಬರುವುದು ಎಲ್ಲರಿಗೂ ಗೊತ್ತು. ತಾಯಿಯೇ ಉಂಡಿಯ ಡಬ್ಬಿ ಹೊತ್ತು ಮಗಳ ಅತ್ತೆಯ ಮನೆಗೆ ಹೋಗುವುದನ್ನು ನಮ್ಮ ಊರಲ್ಲಿ ಯಾರೂ ನೋಡಿರಲಿಲ್ಲ. “ತವರು ಮನೀನೇ ಹೊತ್ಕೊಂಡು ಹೊಂಟೀಯೇನಬೇ,” ಅಂತ ಯಜಮಾನರು ಬಸ್ಸಿನವರೆಗೂ ನಗುತ್ತಲೇ ಬಂದರು. ಅವರು ಊರಲ್ಲೇ ಉಳಿದರು: ಸಗಣಿ ಗೋಡೆ ಕೆರೆದು, ಬಿರುಕಿಗೆ ಸಿಮೆಂಟು ತುಂಬಿಸುವ ಕೆಲಸವನ್ನು ಅವರ ಪಾಲಿಗೆ ಬಿಟ್ಟು ಹೊರಟೆ. ನನ್ನ ಕೈಯಲ್ಲಿ ಉಂಡಿಯ ಡಬ್ಬಿ, ಚೀಲದಲ್ಲಿ ಜೋಕಾಲಿಯ ಹಗ್ಗ, ಮತ್ತೆ ಆಳಂದದ ಟೇಲರ್ ಹತ್ತಿರ ಹೊಲಿಸಿದ ಒಂದು ಮಂಚದ ಪರದೆ. ನೊಣವೂ ತ್ರಾಸುಪಡಬೇಕಾದಷ್ಟು ಸಣ್ಣ ಕಣ್ಣಿನ ಬಟ್ಟೆ, ಡಾಕ್ಟರಮ್ಮನನ್ನು ಕೇಳಿಯೇ ತಂದದ್ದು. ಟೈಲ್ಸಿನ ಮನೆಯಲ್ಲಿ ನನ್ನದೂ ಒಂದು ಗೋಡೆ ಇರಲಿ ಅಂತ.

ಜೋಕಾಲಿಯನ್ನು ಅಂಗಳದ ಬೇವಿನ ಮರಕ್ಕೆ ಕಟ್ಟಿಸಿದೆವು. ಹಗಲಿನಲ್ಲಿ ನೊಣದ ಕಾಟ ಕಡಿಮೆ, ಹೊತ್ತು ಮುಳುಗುವ ಮೊದಲು ಎಲ್ಲ ಆಡಿ ಮುಗಿಸಬೇಕು ಅನ್ನುವುದು ನಮ್ಮ ಒಪ್ಪಂದ. ನಾನು ಈ ಕಡೆಯಿಂದ ತೂಗಿದರೆ ಅವರು ಆ ಕಡೆಯಿಂದ ತೂಗಿದರು. ಕೂಸು ನಮ್ಮಿಬ್ಬರ ನಡುವೆ ಹೋಗಿ ಬಂದು ಮಾಡಿತು. ನನ್ನ ಕಡೆ ಬಂದಾಗ “ಮಟಕಿ ಆಯಿ, ಇನ್ನಾ ಜೋರು!” ಅಂದಿತು. ಜೇವರ್ಗಿಗೇ ಬಂದು ನಿಂತರೂ ಬೋರ್ಡು ಬದಲಾಗಲಿಲ್ಲ. ಅವರ ಕಡೆ ಹೋದಾಗ ಏನೂ ಅನ್ನದೆ ಬರೀ ಕಿಲಕಿಲ ನಕ್ಕಿತು. ಯಾವುದು ಹೆಚ್ಚು ಅಂತ ಸಂಜೆಯವರೆಗೂ ಲೆಕ್ಕ ಹಾಕಿದೆ.

ದೀಪ ಹಚ್ಚುವ ಹೊತ್ತಿಗೆ ಆಡಿ ದಣಿದ ಕೂಸು ಪರದೆಯೊಳಗೆ ಮಲಗಿತು. ಮಂಚದಲ್ಲಿ ಇನ್ನೊಬ್ಬರಿಗೆ ಜಾಗವಿರಲಿಲ್ಲ. ಮಗಳು ಒಳಗೆ ಅಡುಗೆ ನೋಡುತ್ತಿದ್ದಳು. ಮಂಚಕ್ಕೆ ಎರಡೂ ಕಡೆ ಚಾಪೆ ಹಾಸಿಕೊಂಡು ನಾವು ಇಬ್ಬರೂ ಕೂತೆವು. ಬೀಗತಿ ರವಿಕೆಯ ತೋಳು ಮೇಲೆ ಸರಿಸಿ, ತಮ್ಮ ತೋಳನ್ನು ಪರದೆಗೆ ಹತ್ತಿಸಿ ಮಂಚದ ಅಂಚಿನ ಉದ್ದಕ್ಕೂ ಚಾಚಿದರು.

“ಏನ್ ಮಾಡಾಕತ್ತೀರಿ?”

“ಬಂದ್ರ ಮೊದಲು ನನ್ನ ಕೈಗಿ ಕೂಡ್ಲಿ ಬಿಡ್ರಿ. ಇಲ್ಲೇ ಕುಡ್ದು ಹೊಟ್ಟಿ ತುಂಬಿಸ್ಕೊಂಡು ಹೋಗ್ಲಿ. ನನಗ ಹೆಂಗೂ ಬಂದು ಹೋಗೇದ.”

ನಾನು ಆ ತೋಳನ್ನು ನೋಡಿದೆ. ಎರಡು ಬಂಗಾರದ ಬಳೆ, ಅದರ ನಡುವೆ ಹಸಿರು ಗಾಜಿನ ಬಳೆ. ಭೀಮಾ ದಂಡೆಯ ಅಂಗಳದಲ್ಲಿ ಮಲಗಿ ಕಚ್ಚಿಸಿಕೊಂಡ ತೋಳು. ಇಷ್ಟು ವರ್ಷ ಅವರ ಮನೆ, ಮೂಗು, ಸೀರೆ, ಎಲ್ಲಕ್ಕೂ ನಾನು ಕರುಬಿದ್ದೆ, ಆದರೆ ಅವೆಲ್ಲ ನನಗೆ ಖರೇ ಬೇಕಾಗಿದ್ದವೇನೂ ಅಲ್ಲ. ಇದು ಬೇಕಾಗಿತ್ತು. ಕೂಸಿಗೂ ನೊಣಕ್ಕೂ ನಡುವೆ ಅಂಜಿಕೆ ಇಲ್ಲದೆ ಚಾಚಬಹುದಾದ ಒಂದು ತೋಳು. ನನ್ನ ಹತ್ತಿರ ಇದ್ದದ್ದು ಪರದೆ ಮಾತ್ರ, ಅದೂ ಟೇಲರ್ ಹೊಲಿದದ್ದು. ಆದರೂ ನನ್ನ ಕಡೆಯ ಅಂಚಿಗೆ ನನ್ನ ತೋಳನ್ನೂ ಚಾಚಿದೆ. ಕಚ್ಚಿದರೆ ಕಚ್ಚಲಿ, ನನ್ನ ರಕ್ತವೂ ಇನ್ನು ಮೇಲಾದರೂ ಏನಾದರೂ ಕಲಿಯಲಿ ಅಂತ ಧೈರ್ಯ ತಂದುಕೊಂಡೆ. ಎರಡೇ ನಿಮಿಷದಲ್ಲಿ ತೋಳೆಲ್ಲ ತುರಿಸತೊಡಗಿತು. ಒಂದೂ ನೊಣ ಬಂದಿರಲಿಲ್ಲ.

ಕೂಸು ನಿದ್ದೆಯಲ್ಲಿ ಮಗ್ಗುಲಾಯಿತು. ಮುಖ ಅವರ ಕಡೆ ಹೋಯಿತು, ಕಾಲು ನನ್ನ ಕಡೆ ಬಂತು. ನಾನು ಮೊಬೈಲ್ ಟಾರ್ಚು ಹಚ್ಚಿ, ಪರದೆಯ ಹೊರಗಿನಿಂದಲೇ ನನ್ನ ಪಾಲಿಗೆ ಬಂದ ಕಾಲನ್ನು ನೋಡಿದೆ. ಮೊಣಕಾಲಿನ ಹಿಂದೆ ಕೆಂಪಗೆ ಏನೋ ಕಂಡಿತು.

“ಬೀಗತ್ಯಾರ, ಇಲ್ಲಿ ನೋಡ್ರಿ, ಇದೇನ್ರಿ ಇದು?”

ಅವರು ಮಂಚ ಸುತ್ತಿ ಬಂದು, ನನ್ನ ತಲೆಗೆ ತಲೆ ತಾಗಿಸಿ ಬಗ್ಗಿ ನೋಡಿದರು.

“ಹಗ್ಗ ತಿಕ್ಕೇದ್ರಿ. ಜೋಕಾಲಿ ಹಗ್ಗ.”

“ಖರೇನ್ರಿ?”

“ಖರೇ. ಎಷ್ಟು ಒರಟು ಅದ ನೋಡ್ರಿ ಅದು. ನಾಳೆ ಬ್ಯಾರೆ ಹಗ್ಗ ತರಸ್ತೀನಿ, ಮೆತ್ತಂದು.”

ನಾನು ಟಾರ್ಚು ಆರಿಸಿದೆ. ಹಗ್ಗ ನನ್ನದು, ಮಟಕಿಯಿಂದ ತಂದದ್ದು.

“ಬ್ಯಾಡ್ರಿ,” ಅಂದೆ. “ಇದಕ್ಕೇ ಅರಿವಿ ಸುತ್ತಿ ಕೊಡ್ತೀನಿ.”